ಕಾದವರು ಎಲ್ಲರೂ, ಕೊಂಡವರು ಯಾರು?

ಅಲ್ಲಾ ಸ್ವಾಮಿ, "ಆಲ್ಬಮ್ ಯಾವಾಗ ಬರುತ್ತೆ?" ಅಂತ ಬೊಬ್ಬೆ ಹೊಡೆಯುವ ಅಭಿಮಾನಿಗಳಲ್ಲಿ ದುಡ್ಡು ಕೊಟ್ಟು ಕೊಳ್ಳುವವರು ಎಷ್ಟು ಜನ? ಬ್ಯಾಂಕಿನಲ್ಲಿ ಕೂತು ಮುದುಕನಾಗುತ್ತಿರುವವನು ನಾನು, ಲೆಕ್ಕ ಕೇಳುವುದು ಚಾಳಿ.

'ಅಂತರಾಗ್ನಿ' ಬ್ಯಾಂಡು ಒಡೆದ ಮೇಲೆ ಅದರ ಮುಖ್ಯ ಹಾಡುಗಾರ ರಘು ದೀಕ್ಷಿತರ ಸ್ವಂತ ಆಲ್ಬಮ್‌ಗೆ ನಾವು ಕಾದದ್ದು ನೆನಪಿದೆಯಾ? ಡೊಂಬಿವಲಿ ಲೋಕಲ್ಲಿನಲ್ಲಿ ನಮ್ಮ ಕನ್ನಡ ಗುಂಪಿಗೆ ಅದೇ ಮಾತು. ಕಡೆಗೆ 2008ರಲ್ಲಿ ಬಂತು. ಹೊರತಂದದ್ದು ಬೆಂಗಳೂರಿನವರಲ್ಲ, ಹಿಂದಿ ಸಿನಿಮಾದ ವಿಶಾಲ್-ಶೇಖರ್, ತಮ್ಮದೇ ಕಂಪನಿಯಿಂದ. ಗಿಟಾರಿನ ಜೊತೆ ಶಿಶುನಾಳ ಶರೀಫರ ಪದ! ಪಕ್ಕದಲ್ಲೇ ಹಿಂದಿ, ಇಂಗ್ಲಿಷ್ ಹಾಡು.

ನಮ್ಮ ಗುಂಪಿನಲ್ಲಿ ಸಿಡಿ ಕೊಂಡವನು ನಾನೊಬ್ಬನೇ. ವಾರದೊಳಗೆ ಹನ್ನೊಂದು ಪೆನ್‌ಡ್ರೈವ್ ಸೇರಿತು. ಹಾಕಿಕೊಟ್ಟವನೂ ನಾನೇ, ಮುಚ್ಚಿಡುವುದಿಲ್ಲ. ಪುಕ್ಕಟೆ ಕೇಳಿದ ಈ ಮಹನೀಯರದೇ ತಕರಾರು: ಹಿಂದಿ ಯಾಕೆ, ಅಶ್ವತ್ಥ್ ಥರ ಇಲ್ಲ, ಬ್ಯಾಂಡಿನಲ್ಲೇ ಚೆನ್ನಾಗಿದ್ದ. ಅಶ್ವತ್ಥರ ಕ್ಯಾಸೆಟ್ಟಾದರೂ ಕೊಂಡಿದ್ದರಾ? ಅದೂ ಯಾರದೋ ಮನೆಯಿಂದ ತಂದು ತುಂಬಿಸಿಕೊಂಡದ್ದೇ!

ಬ್ಯಾಂಡು ಬಿಟ್ಟವನಿಗೆ ಖರ್ಚು ಹಂಚಿಕೊಳ್ಳುವವರಿಲ್ಲ. ಸ್ಟುಡಿಯೋ ಬಾಡಿಗೆ, ವಾದ್ಯದವರ ಸಂಭಾವನೆ ಎಲ್ಲ ಒಬ್ಬನ ತಲೆಮೇಲೆ. ಇಂಥವರು ಸಾಲ ಕೇಳಿ ಬಂದರೆ ಸಂಬಳದ ಚೀಟಿ ಎಲ್ಲಿ ಅಂತ ನನ್ನಂಥವರೇ ವಾಪಸ್ ಕಳಿಸುವುದು. ಅಭಿಮಾನಿಗಳ ಪ್ರೀತಿಯನ್ನು ಯಾವ ಬ್ಯಾಂಕೂ ಅಡವಿಟ್ಟುಕೊಳ್ಳುವುದಿಲ್ಲ ನೋಡಿ.

ಮೊನ್ನೆ ನನ್ನ ಮಗಳು ಬ್ಯಾಂಡು ಬಿಟ್ಟ ಇನ್ಯಾರದೋ ಮೊದಲ ಆಲ್ಬಮ್‌ಗೆ ದಿನ ಎಣಿಸುತ್ತಿದ್ದಳು. "ಕೊಳ್ತೀಯಾ?" ಅಂದೆ.

"ಫೋನಲ್ಲಿ ಫ್ರೀ ಬರತ್ತಲ್ಲಪ್ಪಾ" ಅಂದಳು.