ಅಲ್ ಬಿರೂನಿಯ ಲೆಕ್ಕವನ್ನು ನಾವೂ ಮಾಡೋಣ

ನಮ್ಮ ಕಾಲೇಜಿನ ಯಾವ ಕಾರ್ಯಕ್ರಮವೇ ಇರಲಿ, ಭಾಷಣದಲ್ಲಿ ಅಲ್ ಖ್ವಾರಿಝ್ಮಿ, ಇಬ್ನ್ ಸೀನಾ, ಅಲ್ ಬಿರೂನಿ ಈ ಮೂರು ಹೆಸರು ಬಂದೇ ಬರುತ್ತವೆ. ನಾವು ಚಪ್ಪಾಳೆ ತಟ್ಟುತ್ತೇವೆ. ಹೋದ ವರ್ಷ ಅಂಥದ್ದೇ ಭಾಷಣ ಮಾಡಿ ನಾನೂ ಬಹುಮಾನ ಪಡೆದೆ. ಆದರೆ ಅವರು ಮಾಡಿದ ಒಂದು ಲೆಕ್ಕವನ್ನಾದರೂ ನಾವು ಮಾಡಿ ನೋಡಿದ್ದೇವೆಯೇ? ನಾನಂತೂ ನೋಡಿರಲಿಲ್ಲ.

ಫಸ್ಟ್ ಪಿಯುಸಿಯಲ್ಲಿ ಜಿ.ಪಿ. ಪಾಠದ ಹೊತ್ತಿಗೆ ಚದುರಂಗದ ಲೆಕ್ಕ ಬಂತು. ಮೊದಲ ಮನೆಗೆ ಒಂದು ಗೋಧಿ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು; 64 ಮನೆಗೂ ಸೇರಿ ಎಷ್ಟು? ಸೂತ್ರ ಹಾಕಿ 2⁶⁴ − 1 ಎಂದು ಬರೆದು ಮುಂದಿನ ಲೆಕ್ಕಕ್ಕೆ ಹೋದೆವು. ಕ್ಯಾಲ್ಕುಲೇಟರ್ ಒತ್ತಿದರೆ 1.844674407 × 10¹⁹ ಎಂದು ತೋರಿಸಿ ಉಳಿದ ಅಂಕಿಗಳನ್ನು ನುಂಗಿಬಿಡುತ್ತದೆ.

ಸುಮಾರು ಸಾವಿರ ವರ್ಷಗಳ ಹಿಂದೆ ಅಲ್ ಬಿರೂನಿ ಇದನ್ನು ಕೊನೆಯ ಅಂಕಿಯವರೆಗೂ ಕಂಡುಹಿಡಿದಿದ್ದರು: 18446744073709551615. ಅವರು 64 ಮನೆಗಳನ್ನು ಒಂದೊಂದಾಗಿ ಕೂಡಿಸಲಿಲ್ಲ, ವರ್ಗ ಮಾಡುತ್ತ ಹೋದರು. 16ರ ವರ್ಗ 256, ಅದರ ವರ್ಗ 65536, ಅದರ ವರ್ಗ 4294967296. ಇನ್ನೊಂದು ಸಲ ವರ್ಗ ಮಾಡಿ ಒಂದು ಕಳೆದರೆ ಉತ್ತರ ಸಿದ್ಧ. ನಾನು ಕೈಯಲ್ಲೇ ಮಾಡಿದೆ. ಎರಡು ಸಲ ತಪ್ಪಿತು, ಮೂರನೆಯ ಸಲ ಸರಿಯಾಯಿತು.

ಆಮೇಲೆ ಸುಮ್ಮನಿರಲಾಗಲಿಲ್ಲ. ಹೈಸ್ಕೂಲಿನ a² − b² ಸೂತ್ರ ಹಾಕಿದರೆ ಈ ಸಂಖ್ಯೆ (2³² − 1)(2³² + 1) ಆಗುತ್ತದೆ. ಮೊದಲ ಆವರಣವನ್ನು ಮತ್ತೆ ಮತ್ತೆ ಒಡೆಯುತ್ತ ಹೋದರೆ ಕೊನೆಗೆ ಉಳಿಯುವುದು 3, 5, 17, 257, 65537, 4294967297. ಮೊದಲ ಎರಡನ್ನು ಬಿಟ್ಟರೂ ಉಳಿದವನ್ನು ನೋಡಿ: ಅಲ್ ಬಿರೂನಿಯ ವರ್ಗಗಳಿಗೆ ಒಂದೊಂದು ಕೂಡಿಸಿದಂತಿವೆ!

ಇವುಗಳಲ್ಲಿ ಮೊದಲ ಐದು ಅವಿಭಾಜ್ಯ ಸಂಖ್ಯೆಗಳು. ಆರನೆಯದೂ ಅವಿಭಾಜ್ಯವೇ ಎಂದು ಫರ್ಮಾ ನಂಬಿದ್ದರು. 1732ರಲ್ಲಿ ಆಯ್ಲರ್ ಅದು 641 × 6700417 ಎಂದು ತೋರಿಸಿದರು. ಅದರ ಅಪವರ್ತನಗಳೆಲ್ಲ 64k + 1 ರೂಪದಲ್ಲೇ ಇರಬೇಕೆಂಬುದೂ ಆಯ್ಲರ್ ಕಂಡುಕೊಂಡದ್ದೇ. ಅದನ್ನು ಹಿಡಿದು ಹೊರಟರೆ ಪರೀಕ್ಷಿಸಬೇಕಾದ ಅವಿಭಾಜ್ಯಗಳು 193, 257, 449, 577, 641. ಐದನೆಯ ಭಾಗಾಕಾರದಲ್ಲೇ ಸಿಕ್ಕಿಬೀಳುತ್ತದೆ. ಫರ್ಮಾರಂಥವರು ಇದನ್ನು ಹೇಗೆ ಬಿಟ್ಟರೋ!

ಸಿಲೆಬಸ್ ಮುಗಿಯಬೇಕು, ಸಿಇಟಿ ಇದೆ, ನೀಟ್ ಇದೆ, ಇದಕ್ಕೆಲ್ಲ ಸಮಯವೆಲ್ಲಿ ಎಂದು ಗೆಳತಿಯರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಭಾಷಣಕ್ಕೆ ತಿಂಗಳಿಗೊಮ್ಮೆ ಒಂದು ಗಂಟೆ ಸಿಗುತ್ತದಲ್ಲ? ಅದರಲ್ಲಿ ಹದಿನೈದು ನಿಮಿಷ ಕೊಡಿ ಎಂದು ನಮ್ಮ ಉಪನ್ಯಾಸಕರಲ್ಲಿ ನನ್ನ ವಿನಂತಿ. ಅಲ್ ಬಿರೂನಿಯ ಹೆಸರು ಹೇಳುವವರು ಬೋರ್ಡಿನ ಮೇಲೆ 65536ರ ವರ್ಗವನ್ನೂ ಮಾಡಿ ತೋರಿಸಲಿ. ಮೊದಲ ಸರದಿಗೆ ನಾನೇ ಬರುತ್ತೇನೆ.