ಹುಲ್ಲುಗಾವಲಿಗೆ ನ್ಯಾಯವಾದ ಬೆಲೆ

ಕುಣಿಗಲ್ ತಾಲ್ಲೂಕಿನ ಯಡಿಯೂರಿನಂತಹ ಊರುಗಳಲ್ಲಿ ಹತ್ತಿಪ್ಪತ್ತು ಗುಂಟೆ ಬೀಳನ್ನು ಮೇಯಿಸಲು ಕೊಡುವಾಗ ಎಕರೆಗೆ ಇಷ್ಟೆಂದು ಬಾಯಿಮಾತಿನಲ್ಲೇ ಮುಗಿಸುವುದುಂಟು. ದನಕ್ಕೆ ಬೇಕಾದುದು ಎಕರೆಯಲ್ಲ, ಮೇವು. ಬೆಲೆಯನ್ನು ಹುಲ್ಲಿನ ತೂಕದಿಂದಲೇ ಕಟ್ಟಬೇಕೆಂಬುದು ನನ್ನ ಅಭಿಪ್ರಾಯ.

ಹುಲ್ಲು ಹೂ ಬಿಡುವ ಹೊತ್ತಿಗೆ ದಟ್ಟ, ಸಾಧಾರಣ, ವಿರಳವಾಗಿರುವ ಕಡೆಗಳಲ್ಲಿ ಒಂದೊಂದು ಚದರ ಮೀಟರ್ ಕೊಯ್ದು, ಚೆನ್ನಾಗಿ ಒಣಗಿಸಿ ತೂಗಿರಿ. ಸರಾಸರಿ 200 ಗ್ರಾಂ ಬಂದರೆ 20 ಗುಂಟೆಗೆ ಸುಮಾರು 400 ಕಿಲೋ ಆಯಿತು. ಇದರಲ್ಲಿ ಅರ್ಧವನ್ನು ನೆಲದ ಮೇಲೆ ಬಿಡಲೇಬೇಕು. ಬುಡದವರೆಗೆ ಮೇಯಿಸಿದರೆ ಹುಲ್ಲು ಸರಿಯಾಗಿ ಚಿಗುರದು. ಬೋಳಾದ ಕೆಂಪು ಮಣ್ಣು ಬಿರುಮಳೆಗೆ ಕೊಚ್ಚಿಹೋಗುತ್ತದೆ. ಉಳಿದ 200 ಕಿಲೋ, ದಿನಕ್ಕೆ 7-8 ಕಿಲೋ ಒಣಮೇವು ತಿನ್ನುವ 300 ಕಿಲೋ ತೂಕದ ಹಸುವಿಗೆ ನಾಲ್ಕು ವಾರ ಸಾಲುವುದೂ ಕಷ್ಟ. ಊರಿನ ರಾಗಿಹುಲ್ಲಿನ ಧಾರಣೆಯ ಅರ್ಧ ಹಿಡಿದರೆ ಸಾಕು. ಕಿಲೋಗೆ 8 ರೂಪಾಯಿ ಇದ್ದಲ್ಲಿ ಈ ಮೇವಿಗೆ 800 ರೂಪಾಯಿ. ಕಾಯುವ, ನೀರು ಕುಡಿಸುವ ದುಡಿಮೆ ದನಗಾರನದು. ಸಗಣಿ, ಗಂಜಲವಂತೂ ಜಮೀನಿಗೇ ಬೀಳುತ್ತದೆ! ಒಡೆಯನೇ ಬೇಲಿ, ನೀರು ಒದಗಿಸಿದರೆ ತುಸು ಹೆಚ್ಚು ಕೇಳಬಹುದು.

1966ರ ಭೂಕಂದಾಯ ನಿಯಮಗಳು 100 ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳವಿರಬೇಕೆನ್ನುತ್ತವೆ. ಅಷ್ಟಿಲ್ಲದ ಊರಿನಲ್ಲಿ ಜಮೀನಿಲ್ಲದ ದನಗಾರನಿಗೆ ಇಂತಹ ತುಂಡುಗಳೇ ಗತಿ. ಅವನ ಗರಜನ್ನು ನೋಡಿ ಬೆಲೆ ಏರಿಸುವುದು ಸಲ್ಲದು.

ಇನ್ನೊಂದು ಮಾತು. 1974ರ ಭೂಸುಧಾರಣಾ ತಿದ್ದುಪಡಿಯ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಮಾರುವುದು ಆ ಹಂಗಾಮಿನ ಹುಲ್ಲನ್ನು ಮಾತ್ರ. ಎಷ್ಟು ದನ, ಎಷ್ಟು ದಿನ, ಎಷ್ಟು ಹಣವೆಂದು ಚೀಟಿ ಬರೆದು ಇಬ್ಬರೂ ಸಹಿ ಹಾಕಿರಿ.