ದ್ರಾಕ್ಷಿಯ ಘಮಕ್ಕೆ ಚೊಂಬಿನ ಆಕಾರವೇ ಸರಿ

ನೊರೆ ಬರುವ ವೈನನ್ನು ಕೊಳವೆಯಂಥ ಉದ್ದ ಲೋಟದಲ್ಲಿ ಕುಡಿಯೋದು ದ್ರಾಕ್ಷಿ ಬೆಳೆದವನಿಗೆ ಮಾಡುವ ಮೋಸ. ತಟ್ಟೆಯಂಥ ಅಗಲ ಲೋಟದಲ್ಲಿ ಕುಡಿಯೋದು ಅದಕ್ಕಿಂತ ದೊಡ್ಡ ದಂಡ. ಹೊಟ್ಟೆ ದಪ್ಪ ಇದ್ದು, ಮೇಲಕ್ಕೆ ಬರ್ತಾ ಬಾಯಿ ಸಣ್ಣ ಆಗಿರುವ ಲೋಟವೇ ಅದಕ್ಕೆ ತಕ್ಕದ್ದು. ನನ್ನ ವಾದ ಇಷ್ಟೇ. ಒಪ್ಪದೇ ಇರೋರು ಈ ಬರಹ ಕೊನೇ ತನಕ ಓದಿ, ಆಮೇಲೆ ನಮ್ಮ ವಾಚನಾಲಯದ ಜಗಲಿಗೆ ಬಂದು ಜಗಳ ಆಡಲಿ.

ಗೋರಂಟ್ಲದ ಕಡ್ಲೆಕಾಯಿ ರೈತನಿಗೆ, ತಂಬೂರಿ ಹಿಡಿದು ಪದ ಹೇಳ್ಕೊಂಡು ತಿರುಗೋನಿಗೆ, ಏಳನೇ ಕ್ಲಾಸು ಓದಿದೋನಿಗೆ ವೈನ್ ಲೋಟದ ಉಸಾಬರಿ ಯಾಕೆ ಅಂತ ಕೇಳೋರು ಕೇಳೇ ಕೇಳ್ತಾರೆ. ಅವರಿಗೆ ಮೊದಲು ಉತ್ತರ ಹೇಳಿಬಿಡ್ತೀನಿ. ನಮ್ಮೂರ ಪಕ್ಕ ಹರಿಯೋ ಚಿತ್ರಾವತಿ ಎಲ್ಲಿಂದ ಬರ್ತಾಳೆ? ಚಿಕ್ಕಬಳ್ಳಾಪುರದ ಕಡೆಯಿಂದ, ಬಾಗೇಪಲ್ಲಿ ದಾಟಿ ಬರ್ತಾಳೆ. ಆ ಹೊಳೆ ಹುಟ್ಟೋ ಸೀಮೆಯೆಲ್ಲ ದ್ರಾಕ್ಷಿ ಸೀಮೆ. ನಂದಿ ಬೆಟ್ಟದ ಸುತ್ತ ಚಪ್ಪರದ ಮೇಲೆ ಚಪ್ಪರ. ನಮ್ಮ ಕಡೆ ಮಳೆ ಕೈ ಕೊಟ್ಟ ವರ್ಷ ಎಷ್ಟು ಜನ ಅಲ್ಲಿಗೆ ಕೂಲಿಗೆ ಹೋಗಿಲ್ಲ? ಎಷ್ಟು ಮನೆಯೋರು ಅಲ್ಲಿ ಹೆಣ್ಣು ಕೊಟ್ಟು ತಂದಿಲ್ಲ? ಸರ್ಕಾರದೋರು 2022ರಲ್ಲಿ ನಮ್ಮನ್ನು ಅನಂತಪುರದಿಂದ ಬಿಡಿಸಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದರು. ಜಿಲ್ಲೆಯ ಹೆಸರು ಬದಲಾಯ್ತು, ನಂಟು ಬದಲಾಗಲಿಲ್ಲ. ನಾನೂ ಆ ಚಪ್ಪರದ ಕೆಳಗೆ ಕತ್ತು ನೋಯುವ ತನಕ ಕತ್ತರಿ ಹಿಡಿದಿದ್ದೀನಿ. ಬೂದಿ ರೋಗಕ್ಕೆ ಔಷಧಿ ಹೊಡೆದು ಕಣ್ಣು ಉರಿಸಿಕೊಂಡಿದ್ದೀನಿ. ಹಾಗಾಗಿ ಆ ಹಣ್ಣಿನ ರಸ ಯಾವ ಪಾತ್ರೆಗೆ ಬೀಳ್ತದೆ ಅಂತ ಕೇಳೋ ಹಕ್ಕು ನನಗೂ ಇದೆ.

ಇನ್ನೊಂದು ಮಾತು. ಕುಡಿಯೋದು ಕಲೀರಿ ಅಂತ ನಾನು ಯಾರಿಗೂ ಹೇಳ್ತಾ ಇಲ್ಲ. ಕುಡಿತದಿಂದ ಹಾಳಾದ ಮನೆಗಳು ನಮ್ಮ ಕಣ್ಣ ಮುಂದೆಯೇ ಇವೆ. ಕುಡಿಯದೇ ಇರೋರು ದೊಡ್ಡೋರು, ಅವರಿಗೆ ಕೈ ಮುಗೀತೀನಿ. ಆದರೆ ದ್ರಾಕ್ಷಿ ಬೆಳೆದಾಯ್ತು. ಕರ್ನಾಟಕ ಸರ್ಕಾರ 2007ರಲ್ಲಿ ವೈನಿಗೆ ಅಂತಲೇ ಒಂದು ನೀತಿ ಮಾಡಿ ರೈತರಿಗೆ ವೈನ್ ದ್ರಾಕ್ಷಿ ಹಾಕಿ ಅಂತ ಹೇಳಿದ್ದೂ ಆಯ್ತು. ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಅನ್ನೋರು ಅದಕ್ಕೂ ಮೊದಲೇ ಫ್ರಾನ್ಸಿನ ಬಳ್ಳಿ ತಂದು ನೆಟ್ಟು ವೈನ್ ಮಾಡಿ ತೋರಿಸಿದ್ದರು. ಬೆಳೆದ ಮೇಲೆ ಅದಕ್ಕೆ ಬೆಲೆ ಸಿಗಬೇಕಲ್ಲ? ಬೆಲೆ ಇರೋದು ಎಲ್ಲಿ? ಘಮದಲ್ಲಿ. ಆ ಘಮ ಕುಡಿಯೋನ ಮೂಗಿಗೆ ಮುಟ್ಟೋದೂ ಮುಟ್ಟದೇ ಇರೋದೂ ಲೋಟದ ಬಾಯಲ್ಲಿದೆ. ಅದಕ್ಕೇ ಇದು ರೈತನ ವಿಚಾರ ಅಂತ ಹೇಳ್ತೀನಿ.

ಈ ನೊರೆ ವೈನ್ ಅಂದರೆ ಏನು ಅಂತ ಗೊತ್ತಿಲ್ಲದೋರಿಗೆ ಹೇಳ್ತೀನಿ. ಈಚಲು ಹೆಂಡ ಕಂಡೋರಿಗೆ ಇದು ಸುಲಭ. ಬೆಳಿಗ್ಗೆ ಇಳಿಸಿದ ಹೆಂಡ ಸಿಹಿ ಇರ್ತದೆ, ಹೊತ್ತು ಏರ್ತಾ ಬುಸುಬುಸು ಅಂತ ನೊರೆ ಉಕ್ಕಿಸ್ತದೆ. ಒಳಗಿರೋ ಹುಳಿ ಜೀವ ಸಕ್ಕರೆಯನ್ನು ತಿಂದು ಗಾಳಿ ಬಿಡ್ತದೆ. ಸೋಡಾದಲ್ಲಿ ಇರೋದೂ ಅದೇ ಗಾಳಿ. ಫ್ರಾನ್ಸಿನ ಶಾಂಪೇನ್ ಸೀಮೆಯೋರು ಮಾಡಿದ್ದು ಇಷ್ಟೇ: ವೈನ್ ಸೀಸೆಗೆ ತುಂಬಿ, ಸ್ವಲ್ಪ ಸಕ್ಕರೆ, ಸ್ವಲ್ಪ ಯೀಸ್ಟ್ ಹಾಕಿ, ಬಿರಡೆ ಬಿಗಿದು ಸೀಸೆಯ ಒಳಗೇ ಇನ್ನೊಂದು ಸಲ ಹುದುಗು ಬರಿಸಿದರು. ಗಾಳಿಗೆ ಹೊರಗೆ ಹೋಗೋ ದಾರಿ ಇಲ್ಲ, ವೈನಿನಲ್ಲೇ ಕರಗಿ ಕೂರ್ತದೆ. ಆ ಸೀಸೆಯ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಐದಾರು ಪಟ್ಟು. ಕಾರಿನ ಟೈರಿಗಿಂತಲೂ ಜಾಸ್ತಿ. ಬಿರಡೆ ತೆಗೆದಾಗ ಡಬ್ ಅನ್ನೋದು ಅದಕ್ಕೇ. ನಮ್ಮ ದೇಶದಲ್ಲೂ ಈಗ ಶೆನಿನ್ ಬ್ಲಾಂಕ್ ಅನ್ನೋ ಬಿಳಿ ದ್ರಾಕ್ಷಿಯಿಂದ ಇಂಥ ವೈನ್ ಮಾಡ್ತಾರೆ.

ಗುಳ್ಳೆ ಯಾಕೆ ಮುಖ್ಯ? ಬರೀ ಚಂದಕ್ಕಲ್ಲ. ನಮ್ಮ ಮೊಮ್ಮಗಳು ಕಾಲೇಜಿನಲ್ಲಿ ಓದ್ತಾಳೆ, ಅವಳು ಓದಿ ಹೇಳಿದ್ದು ಇದು. ಫ್ರಾನ್ಸಿನ ರೀಮ್ಸ್ ಊರಿನ ವಿಶ್ವವಿದ್ಯಾಲಯದಲ್ಲಿ ಜೆರಾರ್ ಲಿಜೆ-ಬೆಲೇರ್ ಅನ್ನೋ ವಿಜ್ಞಾನಿ ವರ್ಷಗಟ್ಟಲೆ ಈ ಗುಳ್ಳೆಗಳನ್ನೇ ಪರೀಕ್ಷೆ ಮಾಡಿದ್ದಾರಂತೆ. ಗುಳ್ಳೆ ತಾನಾಗಿ ಹುಟ್ಟಲ್ಲ. ಲೋಟ ಒರೆಸಿದ ಬಟ್ಟೆಯ ಸಣ್ಣ ಎಳೆಯೋ, ಗಾಜಿನ ಮೇಲಿನ ಗೀರೋ ಇದ್ದರೆ ಅಲ್ಲಿಂದ ಗುಳ್ಳೆ ಏಳ್ತದೆ. ಎದ್ದ ಗುಳ್ಳೆ ಮೇಲಕ್ಕೆ ಬರ್ತಾ ವೈನಿನ ಘಮವನ್ನೂ ಹೊತ್ತು ತರ್ತದೆ. ಮೇಲೆ ಬಂದು ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಸಿಡಿದು ಘಮ ಗಾಳಿಗೆ ಸೇರ್ತದೆ. ಅಂದರೆ ಗುಳ್ಳೆ ಘಮ ಹೊರೋ ಕೂಲಿ. ಕೂಲಿಯವನು ಮೂಟೆ ಹೊತ್ತು ತಂದ ಮೇಲೆ ಇಳಿಸೋಕೆ ಜಾಗ ಬೇಕಲ್ಲ? ಲೋಟದಲ್ಲಿ ವೈನಿನ ಮೇಲೆ ಖಾಲಿ ಇರೋದೇ ಆ ಜಾಗ.

ಈಗ ಮೂರು ಲೋಟಗಳನ್ನು ಒಂದೊಂದಾಗಿ ನೋಡೋಣ.

ಮೊದಲನೇದು ಅಗಲ ಲೋಟ. ಹಳೇ ಇಂಗ್ಲಿಷ್ ಸಿನಿಮಾದಲ್ಲಿ ಗೋಪುರದ ಥರ ಒಂದರ ಮೇಲೊಂದು ಜೋಡಿಸಿ ಮೇಲಿಂದ ಸುರೀತಾರಲ್ಲ, ಅದು. ಫ್ರಾನ್ಸಿನ ರಾಣಿ ಮಾರಿ ಆಂಟೋನೆಟ್‌ಳ ಮೈಯ ಅಚ್ಚು ತೆಗೆದು ಮಾಡಿದ್ದು ಅಂತ ಒಂದು ಕಥೆ ಕಟ್ಟಿದ್ದಾರೆ. ಆ ಕಥೆಗೆ ಬುಡ ಇಲ್ಲ. ರಾಣಿಯ ಹೆಸರು ಹೇಳಿದರೆ ಲೋಟಕ್ಕೆ ಬೆಲೆ ಬರ್ತದೆ ಅಂತ ಯಾರೋ ಹಬ್ಬಿಸಿದ್ದು. ಅದರಲ್ಲಿ ವೈನ್ ಹರಡಿಕೊಂಡು ತೆಳ್ಳಗೆ ನಿಲ್ಲೋದರಿಂದ ಗಾಳಿ ಬೇಗ ಹೊರಟುಹೋಗ್ತದೆ. ಘಮ ನಾಲ್ಕು ದಿಕ್ಕಿಗೂ ಚೆದುರ್ತದೆ. ಬಿಸಿ ಸಾರನ್ನು ಆರಿಸೋಕೆ ತಟ್ಟೆಗೆ ಸುರಿಯೋ ಹಂಗೆ.

ಎರಡನೇದು ಕೊಳವೆ ಲೋಟ. ಈಗಿನ ಹೋಟಲ್ಲು, ಮದುವೆ ಹಾಲು, ಎಲ್ಲಾ ಕಡೆ ಇದೇ. ಗುಳ್ಳೆ ಸಾಲಾಗಿ ಏಳೋದು ಚೆನ್ನಾಗಿ ಕಾಣ್ತದೆ, ಗಾಳಿ ಬೇಗ ಹೋಗಲ್ಲ, ಒಪ್ಕೋತೀನಿ. ಆದರೆ ಬಾಯಿ ಎರಡು ಬೆರಳಗಲ. ಅದನ್ನೂ ಕತ್ತಿನ ತನಕ ತುಂಬಿಸ್ತಾರೆ. ಘಮ ನಿಲ್ಲೋ ಜಾಗ ಎಲ್ಲಿ? ಮೂಗು ಇಟ್ಟರೆ ಸೋಡಾ ಗಾಳಿ ಒಟ್ಟಿಗೆ ಬಂದು ಚುಚ್ಚಿ ಕಣ್ಣಲ್ಲಿ ನೀರು ಬರ್ತದೆ. ಗಾಳಿ ಆ ಸಣ್ಣ ಬಾಯಲ್ಲಿ ಗುಂಪು ಕೂರ್ತದೆ ಅಂತ ಆ ರೀಮ್ಸಿನೋರು ಅಳತೆ ಮಾಡಿಯೇ ಹೇಳಿದ್ದಾರೆ. ಕಣ್ಣಿಗೆ ಹಬ್ಬ, ಮೂಗಿಗೆ ಉಪವಾಸ.

ಮೂರನೇದು ಟುಲಿಪ್ ಹೂವಿನ ಆಕಾರದ್ದು ಅಂತಾರೆ. ಕೆಳಗೆ ಚೂಪಾಗಿ ಶುರುವಾಗಿ, ನಡು ಉಬ್ಬಿ, ಬಾಯಿ ಒಳಕ್ಕೆ ಬಾಗಿರ್ತದೆ. ಕೆಳಗಿನ ಚೂಪಿನಿಂದ ಗುಳ್ಳೆ ಸಾಲು ಏಳ್ತದೆ, ನಡುವಿನ ಉಬ್ಬಿನಲ್ಲಿ ಘಮ ಬಿಚ್ಚಿಕೊಳ್ತದೆ, ಬಾಗಿದ ಬಾಯಿ ಅದನ್ನು ಚೆದುರೋಕೆ ಬಿಡದೆ ಮೂಗಿಗೆ ಕೊಡ್ತದೆ. ಅರ್ಧಕ್ಕಿಂತ ಮೇಲೆ ತುಂಬಬಾರದು. ಇವತ್ತು ಶಾಂಪೇನ್ ಸೀಮೆಯ ವೈನ್ ಮಾಡೋರಲ್ಲೇ ಬಹಳ ಜನ ಕೊಳವೆ ಬಿಟ್ಟು ಇದಕ್ಕೆ ಬಂದಿದ್ದಾರೆ.

ಟುಲಿಪ್ ಹೂವು ನಾನು ನೋಡಿಲ್ಲ, ನಮ್ಮ ಬಿಸಿಲಿಗೆ ಅದು ಬಾಳೋದೂ ಇಲ್ಲ. ಆದರೆ ಆ ಆಕಾರ ನನಗೆ ಹುಟ್ಟಿದಾಗಿನಿಂದ ಗೊತ್ತು. ಅದು ನಮ್ಮ ಚೊಂಬು! ತೆಲುಗಿನೋರು ಚೆಂಬು ಅಂತಾರೆ, ಆಕಾರ ಒಂದೇ. ಹೊಟ್ಟೆ ದಪ್ಪ, ಕತ್ತು ಸಣ್ಣ. ದೇವಸ್ಥಾನದ ಕಂಬದ ಮೇಲೆ ಕೆತ್ತಿದ ಕುಂಭ ನೋಡಿ. ಈಚಲು ಮರಕ್ಕೆ ಕಟ್ಟೋ ಮಡಕೆ ನೋಡಿ. ಹೆಂಡ ತುಂಬ್ತಿದ್ದ ಸೋರೆ ಬುರುಡೆ ನೋಡಿ. ನೊರೆ ಉಕ್ಕೋಕೆ ಹೊಟ್ಟೆಯಲ್ಲಿ ಜಾಗ, ಚೆಲ್ಲದಂಗೆ ಕತ್ತಿನಲ್ಲಿ ತಡೆ. ಇದನ್ನು ಮಾಡಿದ ಕುಂಬಾರ ಯಾವ ವಿಶ್ವವಿದ್ಯಾಲಯಕ್ಕೆ ಹೋಗಿದ್ದ?

ನಾನು ಹಾಡೋನು, ಹಾಡಿನ ಕಡೆಯಿಂದಲೂ ಒಂದು ಮಾತು ಹೇಳ್ತೀನಿ. ತಂಬೂರಿಯ ಬುರುಡೆ ತೆಗೆದು ಬರೀ ಕೋಲಿಗೆ ತಂತಿ ಕಟ್ಟಿ ಮೀಟಿದರೆ ಸೊಳ್ಳೆ ಗುಂಯ್‌ಗುಟ್ಟಿದಂಗೆ ಇರ್ತದೆ. ಅದೇ ತಂತಿ, ಅದೇ ಬೆರಳು. ಬುರುಡೆಯ ಹೊಟ್ಟೆ ಸೇರಿದಾಗ ನಾದ ತುಂಬಿಕೊಳ್ತದೆ. ಮಾರೋನು ತಂತಿಯ ಹೊಳಪು ತೋರಿಸಬಹುದು, ಹಾಡೋನು ಬುರುಡೆ ತಟ್ಟಿ ನೋಡಿ ಕೊಳ್ತಾನೆ. ಲೋಟದಲ್ಲೂ ಗುಳ್ಳೆಯ ಸಾಲು ಹೊಳಪು, ಹೊಟ್ಟೆಯ ಜಾಗ ನಾದ.

ಈಗ ನನಗೆ ಸಿಟ್ಟು ಬರೋ ವಿಚಾರಕ್ಕೆ ಬರ್ತೀನಿ. ಕೊಳವೆ ಲೋಟದಿಂದ ಯಾರಿಗೆ ಲಾಭ? ಕಳಪೆ ವೈನ್ ಮಾಡೋನಿಗೆ ಲಾಭ. ಘಮ ಇಲ್ಲದ ವೈನಿಗೆ ಸೋಡಾದ ಥರ ಗಾಳಿ ತುಂಬಿಸಿ ಕೊಳವೆಯಲ್ಲಿ ಕೊಟ್ಟರೆ, ಅದರಲ್ಲೂ ಗುಳ್ಳೆ ಏಳ್ತದೆ, ಅದೂ ಹೊಳೀತದೆ. ಕುಡಿಯೋನಿಗೆ ವ್ಯತ್ಯಾಸ ತಿಳಿಯಲ್ಲ. ವ್ಯತ್ಯಾಸ ತಿಳಿಯದಿದ್ದರೆ ಒಳ್ಳೇದಕ್ಕೆ ಯಾರು ಹೆಚ್ಚು ದುಡ್ಡು ಕೊಡ್ತಾರೆ? ಹೆಚ್ಚು ದುಡ್ಡು ಬರದಿದ್ದರೆ ಕಾರ್ಖಾನೆಯೋನು ರೈತನಿಗೆ ಯಾಕೆ ಕೊಡ್ತಾನೆ? ಗೊಂಚಲು ಕಮ್ಮಿ ಬಿಟ್ಟು, ಎಲೆ ತೆಗೆದು ಬಿಸಿಲು ಬೀಳಿಸಿ, ಸರಿಯಾದ ದಿನ ನೋಡಿ ಕೊಯ್ದ ರೈತನೂ ಒಂದೇ, ನೀರು ಬಿಟ್ಟು ತೂಕ ಏರಿಸಿದವನೂ ಒಂದೇ ಆಗಿಬಿಡ್ತಾನೆ. 2020ರ ಲಾಕ್‌ಡೌನಿನಲ್ಲಿ ಕೊಳ್ಳೋರಿಲ್ಲದೆ ಚಿಕ್ಕಬಳ್ಳಾಪುರದ ಕಡೆ ಹಣ್ಣು ಚಪ್ಪರದಲ್ಲೇ ಉಳಿದಾಗ ರೈತರು ಪಟ್ಟ ಪಾಡು ನೆನಪಿದೆ ತಾನೇ? ಬೇಗ ಕೆಡೋ ಹಣ್ಣಿಗೆ ವೈನ್ ಒಂದು ದಾರಿ. ಆ ದಾರಿಯಲ್ಲಿ ಒಳ್ಳೇ ಹಣ್ಣಿಗೆ ಒಳ್ಳೇ ಬೆಲೆ ಬರಬೇಕಾದರೆ ಕುಡಿಯೋನ ಮೂಗು ತೆರೆದಿರಬೇಕು.

ಇನ್ನೊಂದು ಸಿಟ್ಟು. ಒಂದು ಸಲ ನಮ್ಮ ಮೇಳ ಬೆಂಗಳೂರಿನ ಒಂದು ದೊಡ್ಡ ಮನೆಯ ಮದುವೆಗೆ ಹಾಡೋಕೆ ಹೋಗಿತ್ತು. ಯಾರ ಮನೆ ಅಂತ ಬೇಡ. ಕೊಳವೆ ಲೋಟದ ತಟ್ಟೆ ಹಿಡಿದ ಹುಡುಗ ನಮ್ಮ ಮುಂದೆ ಬಂದಾಗ ಮನೆಯೋರೊಬ್ಬರು, "ಅವರಿಗೆ ಬೇಡಪ್ಪ, ಅದನ್ನ ಹಿಡಿಯೋಕೂ ಬರಲ್ಲ" ಅಂದರು. ನಾವು ಕೇಳಿರಲಿಲ್ಲ, ನಮಗೆ ಬೇಕಾಗಿಯೂ ಇರಲಿಲ್ಲ. ಆದರೆ ಆ ಮಾತು ಹೆಂಗಿತ್ತು ನೋಡಿ! ದ್ರಾಕ್ಷಿ ಗೊಂಚಲನ್ನು ಹೂವಿನ ಪುಡಿ ಉದುರದಂಗೆ ಹಿಡಿದು ಕೊಯ್ದ ಕೈಗೆ ಲೋಟ ಹಿಡಿಯೋಕೆ ಬರಲ್ವಂತೆ. ಉದ್ದ ಕಾಲಿನ ಲೋಟವನ್ನು ಯಾಕೆ ಕಾಲು ಹಿಡಿದು ಎತ್ತಬೇಕು ಅಂತ ಅವರಿಗೆ ಗೊತ್ತಿತ್ತಾ? ಅಂಗೈ ಶಾಖ ತಾಗಿದರೆ ವೈನ್ ಬೆಚ್ಚಗಾಗಿ ಗಾಳಿ ಬೇಗ ಹೋಗ್ತದೆ, ಅದಕ್ಕೆ. ಅಲ್ಲಿ ಅರ್ಧ ಜನ ಲೋಟದ ಹೊಟ್ಟೆಯನ್ನೇ ಮುಷ್ಟಿಯಲ್ಲಿ ಹಿಡಿದಿದ್ದರು.

ಕೆಲವರು ಹೇಳ್ತಾರೆ, "ಲೋಟ ಯಾವುದಾದರೇನು ಬಿಡಪ್ಪ, ಒಳಗಿರೋದು ತಾನೇ ಮುಖ್ಯ" ಅಂತ. ಅವರಿಗೆ ಒಂದು ಪರೀಕ್ಷೆ ಕೊಡ್ತೀನಿ. ವೈನ್ ಬೇಕಾಗಿಲ್ಲ. ಒಂದು ಗೋಲಿ ಸೋಡಾ ತನ್ನಿ, ನಿಂಬೆಹಣ್ಣು ಹಿಂಡಿ. ಒಂದು ಪಾಲು ಅಗಲ ತಟ್ಟೆಗೆ, ಒಂದು ಪಾಲು ಉದ್ದ ಸಣ್ಣ ಲೋಟಕ್ಕೆ ಕತ್ತಿನ ತನಕ, ಒಂದು ಪಾಲು ಸಣ್ಣ ಚೊಂಬಿಗೆ ಅರ್ಧ. ಕಣ್ಣು ಮುಚ್ಚಿ ಮೂರನ್ನೂ ಮೂಸಿ ನೋಡಿ. ನಿಂಬೆ ಎಲ್ಲಿ ಸಿಕ್ಕಿತು ಅಂತ ನೀವೇ ಹೇಳಿ.

"ಹಂಗಾದರೆ ವೈನನ್ನ ಹಿತ್ತಾಳೆ ಚೊಂಬಿನಲ್ಲೇ ಕುಡೀಬೇಕಾ?" ಅಂತ ಗೇಲಿ ಮಾಡೋರೂ ಇದ್ದಾರೆ. ಬೇಡ. ಹುಳಿಯನ್ನು ಕಲಾಯಿ ಹೋದ ಹಿತ್ತಾಳೆಗೆ ಹಾಕಬಾರದು ಅಂತ ನಮ್ಮ ಅಡುಗೆಮನೆಯ ಹೆಣ್ಣುಮಕ್ಕಳಿಗೆ ಗೊತ್ತು, ದ್ರಾಕ್ಷಿ ರಸವೂ ಹುಳಿಯೇ. ಆಕಾರ ಚೊಂಬಿನದು ಇರಲಿ, ಮೈ ತೆಳು ಗಾಜಿನದು ಇರಲಿ. ಸೋಪು ಉಳಿಯದಂಗೆ ಬಿಸಿ ನೀರಲ್ಲಿ ತೊಳೀರಿ, ಸೋಪಿನ ಜಿಡ್ಡು ಇದ್ದರೆ ನೊರೆ ಸತ್ತುಹೋಗ್ತದೆ. ಸೀಸೆ ಚೆನ್ನಾಗಿ ತಣ್ಣಗಿರಲಿ. ಸುರಿಯುವಾಗ ಲೋಟ ಓರೆ ಹಿಡಿದು ಗೋಡೆಗೆ ತಾಗಿಸಿ ಸುರೀರಿ. ಹಂಗೆ ಸುರಿದರೆ ಗಾಳಿ ಹೆಚ್ಚು ಉಳೀತದೆ ಅಂತ ಆ ರೀಮ್ಸಿನ ವಿಜ್ಞಾನಿಗಳು 2010ರಲ್ಲಿ ಬರೆದಿದ್ದಾರೆ. ಮಜ್ಜಿಗೆ ನೊರೆ ಬರದಂಗೆ ಬಗ್ಗಿಸೋ ನಮ್ಮ ಅಜ್ಜಿಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೊನೆಗೆ ಮೂರು ಜನಕ್ಕೆ ಮೂರು ಮಾತು. ವೈನ್ ಮೇಳ ನಡೆಸೋರೇ, ರುಚಿ ತೋರಿಸೋಕೆ ಕೊಳವೆ ಲೋಟವನ್ನೂ ಪ್ಲಾಸ್ಟಿಕ್ ಲೋಟವನ್ನೂ ಇಡಬೇಡಿ, ಹೊಟ್ಟೆ ಇರೋ ಗಾಜಿನ ಲೋಟ ಇಡಿ. ವೈನ್ ಮಾಡೋರೇ, ಹಣ್ಣಿನ ಸಿಹಿಯನ್ನು ಯಂತ್ರದಲ್ಲಿ ಅಳೆದು ಬೆಲೆ ಕಟ್ಟೋ ಹಂಗೆ ಘಮಕ್ಕೂ ಬೆಲೆ ಕಟ್ಟಿ, ಅದನ್ನು ತಂದ ರೈತನಿಗೆ ಕೊಡಿ. ದ್ರಾಕ್ಷಿ ಬೆಳೆಯೋ ಅಣ್ಣತಮ್ಮಂದಿರೇ, ನೀವು ಕುಡೀರಿ ಬಿಡಿ, ಆದರೆ ನಿಮ್ಮ ಹಣ್ಣಿನ ವೈನನ್ನು ಸರಿಯಾದ ಲೋಟದಲ್ಲಿ ಒಂದು ಸಲ ಮೂಸಿ ನೋಡಿ. ಬೆಂಗಳೂರು ಬ್ಲೂ ಬುಟ್ಟಿ ಇಳಿಸಿದರೆ ಬೀದಿಗೆಲ್ಲ ಘಮ ಬರೋದು ನಿಮಗೆ ಗೊತ್ತು. ನಿಮ್ಮ ಹಣ್ಣಿನ ವಾಸನೆ ನಿಮಗಿಂತ ಚೆನ್ನಾಗಿ ಬಲ್ಲೋರು ಯಾರೂ ಇಲ್ಲ. ನಾಳೆ ಸೂಟು ಹಾಕಿದೋನು ಬಂದು "ನಿನ್ನ ಹಣ್ಣಲ್ಲಿ ಏನೂ ಇಲ್ಲ" ಅಂತ ಬೆಲೆ ಇಳಿಸಿದರೆ, ಯಾವ ಲೋಟದಲ್ಲಿ ನೋಡಿದೆಯಪ್ಪ ಅಂತ ಮೊದಲು ಕೇಳಿ.